ಹೊರಟಲ್ಲಿಗೇ ಬರುವ ಹಡಗು

ದೊಡ್ಡತಾಯಮ್ಮ ಕಣ್ಣು ಮುಚ್ಚಿದರೆ ಸೀಗೆಕಟ್ಟೆಗೆ ಹೋಗುತ್ತಾರೆ. ಬಸ್ಸು ಬೇಡ, ಟಿಕೆಟ್ಟು ಬೇಡ. ಊರ ಮುಂದಿನ ಹುಣಸೆಮರದ ಹತ್ತಿರ ಯಾರೋ ಇಳಿಸಿಹೋದ ಹಾಗಾಗುತ್ತದಂತೆ. ಅಲ್ಲಿಂದ ಬಾವಿ, ಬಾವಿ ದಾಟಿದರೆ ಮಾರಮ್ಮನ ಗುಡಿ, ಗುಡಿ ಪಕ್ಕದ ಓಣಿಯ ಕೊನೆಗೆ ಇವರ ಮನೆ. ಎಚ್ಚರದ ಲೋಕದಲ್ಲಿ ಆ ಊರು ಕಬಿನಿ ಹಿನ್ನೀರಿನ ಅಡಿ ಸೇರಿ ಐವತ್ತು ವರ್ಷ ದಾಟಿತು. ಕನಸಿನಲ್ಲಿ ಮಾತ್ರ ನೀರಿಲ್ಲ. ಒಣ ಮಣ್ಣು, ಎಳೆ ಬಿಸಿಲು, ಯಾರದೋ ಒಲೆಯ ಹೊಗೆ. ಬೀದಿಯಲ್ಲಿ ಕೋಳಿಗಳ ಜೊತೆ ಮೀನುಗಳೂ ಓಡಾಡಿಕೊಂಡಿರುತ್ತವೆ. ಅದನ್ನು ಯಾರೂ ವಿಶೇಷ ಅಂದುಕೊಳ್ಳುವುದಿಲ್ಲ.

ತಂಗಿ ಚಿಕ್ಕಸಿದ್ದಮ್ಮನಿಗೆ ಊರು ಬಿಟ್ಟಾಗ ಆರೇಳು ವರ್ಷ. ನೆನಪಿರುವುದು ಒಂದು ಲಾರಿ, ಅದರಲ್ಲಿ ಯಾರದೋ ಬುಟ್ಟಿಯಡಿ ಕೂಗುತ್ತಿದ್ದ ಕೋಳಿ, ಅಷ್ಟೇ. ಮಿಕ್ಕ ಊರನ್ನೆಲ್ಲ ಅವರು ಕಟ್ಟಿಕೊಂಡಿದ್ದು ಅಕ್ಕನ ಕನಸು ಕೇಳಿ ಕೇಳಿ. ಬೆಳಗ್ಗೆ ಕಾಫಿ ಲೋಟ ಕೈಗಿಡುವಾಗ ನೆನ್ನೆ ಎಲ್ಲಿಗೆ ಹೋಗಿದ್ದೆ ಎಂದು ಕೇಳುತ್ತಾರೆ. ಅಕ್ಕ ಹೇಳುತ್ತಾರೆ. ಹುಣಸೆಮರ ಈಗ ಬಲು ದಪ್ಪವಾಗಿದೆಯಂತೆ.

ಹುಣಸೂರಿನ ಒಂದು ಸರ್ಕಾರಿ ಹಾಸ್ಟೆಲಿನಲ್ಲಿ ಚಿಕ್ಕಸಿದ್ದಮ್ಮ ಅಡುಗೆಯವರಾಗಿದ್ದರು. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮುದ್ದೆಯವರೆಗೆ ಒಂದು ಆಯುಷ್ಯವೇ ಆ ಒಲೆಯ ಮುಂದೆ ಕರಗಿತು. ಅವರ ಕೈಯಲ್ಲಿ ಉಂಡವರಲ್ಲಿ ಈಗ ಮೇಷ್ಟ್ರುಗಳಿದ್ದಾರೆ, ಜೀಪಿನಲ್ಲಿ ಓಡಾಡುವ ಸಾಹೇಬರಿದ್ದಾರೆ. ನಿಮಗೆ ಅನ್ನ ಹಾಕಿದವರ ಹೆಸರೇನು ಸ್ವಾಮಿ ಎಂದು ಕೇಳಿ ನೋಡಿ. ಅಡುಗೆಯಮ್ಮ ಅನ್ನುತ್ತಾರೆ. ಅದು ಹೆಸರಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿದರು, ಹಾರ ಹಾಕಿದರು, ಭಾಷಣ ಮಾಡಿದರು. ಆ ಸಮಾರಂಭದ ಪಾಯಸವನ್ನೂ ಅವರಿಂದಲೇ ಮಾಡಿಸಿದರು. ಎಲ್ಲರೂ ಉಂಡ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡೇ ಕುಡಿದೆ ಎಂದು ಅವರು ನಗುತ್ತಾ ಹೇಳುತ್ತಾರೆ. ಕೇಳಿದವರಿಗೆ ನಗು ಬರಬಾರದು.

ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು, ಮಗಳು ಪಿರಿಯಾಪಟ್ಟಣದಲ್ಲಿ ಸಂಸಾರಸ್ಥೆ. ಹಾಗಾಗಿ ಚಿಕ್ಕಸಿದ್ದಮ್ಮ ಪೆಟ್ಟಿಗೆ ಎತ್ತಿಕೊಂಡು ಅಕ್ಕನ ಮನೆಗೆ ಬಂದರು. ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯಿಂದ ಒಳಗೆ, ಮುಳುಗಿದ ಊರುಗಳವರಿಗೆಂದು ಮಾಡಿದ ಕಾಲೋನಿಯಲ್ಲಿದೆ ಆ ಮನೆ. ಅಲ್ಲಿ ನಲ್ಲಿಗೆ ದಿನ ಬಿಟ್ಟು ದಿನ ನೀರು. ಎಲ್ಲೋ ದೂರದ ಪಟ್ಟಣದಲ್ಲಿ ಯಾರದೋ ಬಚ್ಚಲಿನಲ್ಲಿ ಹಗಲಿರುಳು ಸುರಿಯುವ ನೀರು ಇವರ ಹೊಸ್ತಿಲು ತೊಳೆದುಕೊಂಡೇ ಹೋದದ್ದು.

ಚಿಕ್ಕಸಿದ್ದಮ್ಮನಿಗೆ ಇದ್ದದ್ದು ಒಂದು ಆಸೆ. ಕುರ್ಚಿಯ ಮೇಲೆ ಕೂತು, ಬೇರೆ ಯಾರೋ ಬಡಿಸಿದ ಬಿಸಿ ಊಟ ಉಣ್ಣಬೇಕು, ಸುತ್ತ ನೀರಿರಬೇಕು. ಮಗಳ ಫೋನಿನಲ್ಲಿ ಒಮ್ಮೆ ಹಡಗಿನ ಊಟದ ಮನೆ ಕಂಡಿದ್ದರು. ದುಂಡು ಮೇಜು, ಬಿಳಿ ಬಟ್ಟೆ, ಕಿಟಕಿಯಾಚೆ ನಿಧಾನಕ್ಕೆ ಸರಿಯುವ ಕಡಲು. ಅದಾದ ಮೇಲೆ ಪಾತ್ರೆ ತೊಳೆಯುವಾಗಲೂ ಆ ಕಡಲು ಕಣ್ಣ ಮುಂದೆ ಸರಿಯುತ್ತಲೇ ಇತ್ತು. ಪಿಂಚಣಿ ಬರುತ್ತಿತ್ತು, ಯಾರನ್ನೂ ಕೇಳಬೇಕಾಗಿರಲಿಲ್ಲ. ಆದರೆ ಅಕ್ಕನನ್ನು ಬಿಟ್ಟು ಹೋಗುವ ಮನಸ್ಸಿಲ್ಲ. ಅಕ್ಕನಾದರೋ ಮನೆ ಬಿಟ್ಟು ಒಂದು ರಾತ್ರಿಯೂ ಹೊರಗೆ ಮಲಗುವವರಲ್ಲ.

ಅದಕ್ಕೊಂದು ಕತೆಯಿದೆ. ಅಣೆಕಟ್ಟೆ ಏಳುತ್ತಿದ್ದ ಕಾಲದಲ್ಲಿ, ಆಷಾಢ ಹುಟ್ಟುವ ಮುಂಚೆ, ಭೇರ್ಯದ ನೆಂಟರ ಮನೆಯಲ್ಲಿ ಒಂದು ಮದುವೆ. ಮನೆಮಂದಿಯೆಲ್ಲ ಹೋದರು. ನೀರು ಬರಲು ಇನ್ನೂ ತಿಂಗಳುಗಟ್ಟಲೆ ಸಮಯವಿದೆ ಎಂದು ಊರೆಲ್ಲ ನಂಬಿತ್ತು. ಧಾರೆಯಾದ ಸಂಜೆಯೇ ಹೊರಡೋಣ ಎಂದರು ಅವ್ವ. ಬೀಗರೂಟ ಮುಗಿಸಿಕೊಂಡು ಹೋಗೋಣ, ಕುರಿ ಕಡಿಯುತ್ತಾರೆ ಎಂದು ಹಟ ಹಿಡಿದವಳು ದೊಡ್ಡ ಮಗಳು. ಉಳಿದರು, ಉಂಡರು. ಕಬಿನಿ ಹುಟ್ಟುವ ವಯನಾಡಿನಲ್ಲಿ ಮಳೆ ಹಿಡಿದದ್ದು ಭೇರ್ಯದಲ್ಲಿ ಕೂತವರಿಗೆ ಹೇಗೆ ತಿಳಿಯಬೇಕು? ವಾಪಸು ಬಂದಾಗ ಓಣಿ ಇರಲಿಲ್ಲ. ಮನೆಯ ಸೂರು ಮಾತ್ರ ನೀರಿನ ಮೇಲೆ ಕವುಚಿಟ್ಟ ಮೊರದ ಹಾಗೆ ಕಾಣುತ್ತಿತ್ತು. ಒಂದು ದಿನ ಮೊದಲು ಬಂದಿದ್ದರೆ ಕಾಳು ತುಂಬಿಟ್ಟ ಮಣ್ಣಿನ ವಾಡೆಯನ್ನಾದರೂ ಎತ್ತಿಕೊಳ್ಳಬಹುದಿತ್ತು ಎಂದು ಅವ್ವ ಒಂದೇ ಸಲ ಹೇಳಿದರು. ಆಮೇಲೆ ಆ ಮಾತೆತ್ತಲಿಲ್ಲ.

ಎತ್ತಬೇಕಾಗಿಯೂ ಇರಲಿಲ್ಲ. ಹುಡುಗಿ ಅದನ್ನು ನುಂಗಿಕೊಂಡು ಬೆಳೆದಳು. ಮದುವೆಗೂ ಅವಳದೊಂದೇ ಷರತ್ತು, ಗಂಡನೇ ಬಂದು ಈ ಮನೆಯಲ್ಲಿರಬೇಕು. ಆ ಪುಣ್ಯಾತ್ಮ ಒಪ್ಪಿ ಬಂದು, ಬಾಳಿ, ಇಲ್ಲೇ ಕಣ್ಣುಮುಚ್ಚಿದ. ಯಾರ ಮನೆಯ ಮದುವೆಯಿರಲಿ, ತಿಥಿಯಿರಲಿ, ದೊಡ್ಡತಾಯಮ್ಮ ಸಂಜೆ ಬಸ್ಸಿಗೆ ವಾಪಸು. ಭೇರ್ಯದ ಆ ನೆಂಟರ ಮನೆಯ ಸೊಸೆ ಸುಂದ್ರಮ್ಮ ಪ್ರತಿ ಸಲವೂ ಸೆರಗು ಹಿಡಿದು ಎಳೆದು ಸೋತಿದ್ದಾಳೆ. ಊರು ಮುಳುಗಿಸಿದ ಲೆಕ್ಕವನ್ನು ಒಬ್ಬ ಹುಡುಗಿ ತನ್ನ ನಾಲಿಗೆಯ ಮೇಲೆ ಹಾಕಿಕೊಂಡಳಲ್ಲ, ಅದನ್ನು ತೀರಿಸಬೇಕಾದವರು ಒಬ್ಬರೂ ಆ ಕಾಲೋನಿಯ ಬಾಗಿಲಿಗೆ ಬಂದು ನಿಲ್ಲಲಿಲ್ಲ. ಈಗ ಆ ಹಿನ್ನೀರಿನ ಮೇಲೆ ದೋಣಿಯಲ್ಲಿ ಸುತ್ತುವವರು, ನಿಮ್ಮ ಕೆಳಗೊಂದು ಊರಿದೆ ಎಂದು ಯಾರಾದರೂ ಹೇಳಿದರೆ, ಬಗ್ಗಿ ಫೋಟೋ ತೆಗೆದುಕೊಳ್ಳುತ್ತಾರೆ.

ಹಡಗಿನ ಮಾತು ಕಿವಿಗೆ ಬಿದ್ದಾಗ ಕಾಲೋನಿ ನಕ್ಕಿತು. ಎದುರುಮನೆಯ ಸುನಂದಮ್ಮ, ಕೆರೆಯಲ್ಲಿ ಎಮ್ಮೆ ಮೈ ತೊಳೆಯುವವರಿಗೆ ಹಡಗು ಬೇಕಂತೆ ಎಂದು ಆಡಿಕೊಂಡರು. ದೊಡ್ಡತಾಯಮ್ಮ ನೀನು ಹೋಗಿ ಬಾ ಎಂದರು. ನೀನು ಬರದಿದ್ದರೆ ನಾನೂ ಇಲ್ಲ ಎಂದು ಚಿಕ್ಕಸಿದ್ದಮ್ಮ ಆ ಮಾತನ್ನು ಅಲ್ಲಿಗೇ ಬಿಟ್ಟರು. ಬಿಟ್ಟದ್ದೇ ಅಕ್ಕನಿಗೆ ಚುಚ್ಚಿತು. ಜನ್ಮವೆಲ್ಲ ಬಡಿಸಿದವಳಿಗೆ ಒಂದು ಊಟ ತಪ್ಪಿತು, ಅದೂ ತನ್ನಿಂದ. ಊಟದ ವಿಷಯದಲ್ಲಿ ದೊಡ್ಡತಾಯಮ್ಮನ ತಲೆಯ ಮೇಲೆ ಒಂದು ಪಾಪ ಆಗಲೇ ಇತ್ತು. ಒಂದು ವಾರ ತಡೆದು, ಕೊನೆಗೆ ಯಾವ ಹಡಗಿದೆ ಎಂದು ಕೇಳಿಕೊಂಡು ಬರುವುದಕ್ಕೆ ಏನಂತೆ ಎಂದು ಸೀರೆ ಬದಲಿಸಿದರು.

ಹುಣಸೂರಿನಲ್ಲಿ ಟ್ರಾವೆಲ್ಸ್ ಇಟ್ಟಿರುವ ಶಶಿಕುಮಾರ್ ಇಬ್ಬರನ್ನೂ ಕೂರಿಸಿ ಕಂಪ್ಯೂಟರ್ ತಿರುಗಿಸಿ ತೋರಿಸಿದ. ಒಂದು ಹಡಗು ಮುಂಬೈಯಿಂದ ಗೋವಾಕ್ಕೆ, ಅದರಲ್ಲಿ ಕುಣಿತ, ಜಾರುಬಂಡೆ, ಜೂಜು. ಇನ್ನೊಂದು ಚೆನ್ನೈಯಿಂದ ವಿಶಾಖಪಟ್ಟಣಕ್ಕೆ, ಅದು ಸ್ವಲ್ಪ ಸೌಮ್ಯ. ವಯಸ್ಸಾದವರು ಏನೇನು ಕೇಳಬೇಕೋ ಚಿಕ್ಕಸಿದ್ದಮ್ಮ ಅದನ್ನೆಲ್ಲ ಕೇಳಿದರು. ಮೆಟ್ಟಿಲೋ ಲಿಫ್ಟೋ, ಬಚ್ಚಲಲ್ಲಿ ಹಿಡಿದುಕೊಳ್ಳಲು ಸರಳಿದೆಯೋ, ಡಾಕ್ಟರು ಇರುತ್ತಾರೋ, ತೂಗಾಟ ಎಲ್ಲಿ ಕಡಿಮೆ. ಹಡಗಿನ ನಡುಮಧ್ಯದ, ಕೆಳಗಿನ ಅಂತಸ್ತಿನ ಕೋಣೆ ಅಷ್ಟಾಗಿ ಅಲ್ಲಾಡುವುದಿಲ್ಲ ಎಂದು ಅವನು ಹೇಳಿದ. ಆಮೇಲೆ, ನಿಮಗೆ ಒಳಗಿನ ಕೋಣೆ ಸಾಕು, ಕಿಟಕಿ ಇರುವುದಿಲ್ಲ, ಮಲಗುವುದಕ್ಕೆ ತಾನೆ ಎಂದ. ನಿಮಗೆ ಇಷ್ಟು ಸಾಕು ಎಂಬ ಮಾತನ್ನು ಈ ಹೆಂಗಸರು ಹುಟ್ಟಿದಾಗಿನಿಂದ ಕೇಳಿದ್ದಾರೆ. ಮನೆ ಕೊಟ್ಟವರು ಹಾಗೇ ಅಂದಿದ್ದರು, ನಲ್ಲಿ ಹಾಕಿದವರೂ ಹಾಗೇ ಅಂದಿದ್ದರು.

"ಕಿಟಕಿ ಇಲ್ದಿದ್ ಅಡ್ಗೆಮನೇಲೇ ಮುದುಕಿ ಆದೋಳು ಕಣಪ್ಪ ನಾನು," ಎಂದರು ಚಿಕ್ಕಸಿದ್ದಮ್ಮ. "ಕಿಟಕಿ ಇರೋದ್ನೇ ಕೊಡು."

ಒಂದೊಂದು ಹಡಗು ತೋರಿಸಿದಾಗಲೂ ದೊಡ್ಡತಾಯಮ್ಮ ಹುಡುಕುತ್ತಿದ್ದದ್ದು ಬೇರೆ. ಗೋವಾದ್ದು ಗೋವಾದಲ್ಲೇ ಇಳಿಸಿಬಿಡುತ್ತದೆ. ಚೆನ್ನೈಯದು ಮತ್ತೆಲ್ಲೋ ಬಿಡುತ್ತದೆ. ಹೊರಟ ಜಾಗವನ್ನು ಮತ್ತೆ ಕಣ್ಣಾರೆ ಕಾಣುವ ಗ್ಯಾರಂಟಿ ಯಾವುದರಲ್ಲೂ ಇಲ್ಲ. ಶಶಿಕುಮಾರ್ ಮೂರನೆಯ ಹಡಗನ್ನು ದಾಟಿಸಿ ಮುಂದಕ್ಕೆ ಹೋಗುತ್ತಿದ್ದಾಗ ಅವರು ಬೆರಳಿಟ್ಟು, ಇದು ಯಾವುದು ಎಂದರು.

"ಅದು ಬೇಡ ಬಿಡಿ ಅಜ್ಜಿ. ಅದು ಎಲ್ಲಿಗೂ ಹೋಗಲ್ಲ. ಕೊಚ್ಚಿಯಿಂದ ಸಮುದ್ರದೊಳಕ್ಕೆ ಹೋಗಿ, ಎರಡು ರಾತ್ರಿ ಸುಮ್ನೆ ಸುತ್ತಿ, ಅದೇ ಕೊಚ್ಚಿಗೆ ಬರುತ್ತೆ. ನೋಡಕ್ಕೆ ಏನೂ ಸಿಗಲ್ಲ, ಬರೀ ನೀರು."

"ಒಂಟ್ ಜಾಗ್ಕೇ ಬತ್ತದಾ?"

"ಅಲ್ಲಿಗೇ ಬರುತ್ತೆ."

"ಆ ನೀರಡೀಲಿ ಯಾರ್ದಾದ್ರೂ ಊರ್ ಅದಾ ಕಣಪ್ಪ?"

ಅವನು ನಗಲು ಬಾಯಿ ತೆರೆದವನು ಅವರ ಮುಖ ನೋಡಿ ಮುಚ್ಚಿಕೊಂಡ. ಇಲ್ಲ ಅಜ್ಜಿ, ಸಮುದ್ರ ಅದು ಎಂದ.

"ಅಂಗಾದ್ರೆ ಇದೇ ಇರ್ಲಿ ಬುಡು," ಎಂದರು ದೊಡ್ಡತಾಯಮ್ಮ.

ಹ್ಯಾಂಡ್‌ಪೋಸ್ಟಿನಲ್ಲಿ ಕೇರಳದ ಬಸ್ಸು ಹತ್ತಿ, ಮುಂದೆ ರೈಲು ಹಿಡಿದು ಕೊಚ್ಚಿ ಸೇರಿದರು. ಹಡಗು ದಡ ಬಿಡುವಾಗ ಉಳಿದವರೆಲ್ಲ ಮುಂದಿನ ಕಡಲನ್ನು ನೋಡುತ್ತಿದ್ದರೆ ದೊಡ್ಡತಾಯಮ್ಮ ಹಿಂದಕ್ಕೆ ತಿರುಗಿ ಬಂದರನ್ನು ಕಣ್ಣಿಗೆ ತುಂಬಿಕೊಳ್ಳುತ್ತಿದ್ದರು. ಹಳದಿ ಬಳಿದ ಕ್ರೇನು. ರೆಕ್ಕೆ ಬಿಚ್ಚಿಕೊಂಡು ನಿಂತ ದೊಡ್ಡ ಮೀನುಬಲೆಗಳು. ಬಿಳಿ ಕಟ್ಟಡ, ಅದರ ಪಕ್ಕ ಬಾಗಿದ ಒಂದು ತೆಂಗು. ಒಂದೊಂದೇ ಸಣ್ಣದಾಗಿ, ಮಸುಕಾಗಿ, ಕೊನೆಗೆ ನೀರು ಅದನ್ನೂ ತೆಗೆದುಕೊಂಡಿತು. ಅವರು ತಂಗಿಯ ಕೈ ಹಿಡಿದರು.

ಊಟದ ಮನೆಯಲ್ಲಿ ಬಿಳಿ ಅಂಗಿಯ ಹುಡುಗನೊಬ್ಬ ಕುರ್ಚಿ ಎಳೆದು ಚಿಕ್ಕಸಿದ್ದಮ್ಮನನ್ನು ಕೂರಿಸಿದ. ಹಬೆಯಾಡುವ ಅನ್ನ ಬಡಿಸಿದ. ಉಂಡಾದ ಮೇಲೆ ಅವರು ಅಭ್ಯಾಸಬಲದಿಂದ ಇಬ್ಬರ ತಟ್ಟೆಯನ್ನೂ ಎತ್ತಿಕೊಂಡು ನಿಂತರೆ, ಆ ಹುಡುಗ ಕೈಯಿಂದ ಮೆಲ್ಲಗೆ ತೆಗೆದುಕೊಂಡ. ಮತ್ತೆ ಕೂತರು. ಕಿಟಕಿಯಾಚೆ ಕಡಲು ಸರಿಯುತ್ತಿತ್ತು.

ಮೊದಲ ರಾತ್ರಿ ಅಕ್ಕ ಮಲಗಲಿಲ್ಲ. ಮರುದಿನ ಮಧ್ಯಾಹ್ನ ಹಡಗಿನ ಮೇಲಟ್ಟದಲ್ಲಿ, ನಾಲ್ಕು ದಿಕ್ಕಿಗೂ ದಡವೇ ಇಲ್ಲದ ಜಾಗದಲ್ಲಿ, ಒರಗು ಕುರ್ಚಿಯ ಮೇಲೆ ಬಿಸಿಲಿಗೆ ಕಣ್ಣು ಎಳೆಯಿತು. ಸೀಗೆಕಟ್ಟೆಗೆ ಹೋದರು. ಈ ಸಲ ಓಣಿಯಲ್ಲಿ ನೀರಿತ್ತು. ಹಿಮ್ಮಡಿ ಮುಳುಗುವಷ್ಟು, ತಿಳಿಯಾಗಿ, ಬೆಚ್ಚಗೆ. ಅವ್ವ ಬಗ್ಗಿ ಆ ನೀರಿನಿಂದಲೇ ಹೊಸ್ತಿಲು ತೊಳೆಯುತ್ತಿದ್ದಳು. ಹೆಜ್ಜೆ ಸಪ್ಪಳ ಕೇಳಿಯೂ ತಿರುಗದೆ, ಊಟ ಚೆನ್ನಾಗಿತ್ತಾ ಮಗ ಎಂದು ಕೇಳಿದಳು. ಚೆನ್ನಾಗಿತ್ತು ಎಂದರಂತೆ ದೊಡ್ಡತಾಯಮ್ಮ. ಅಷ್ಟಕ್ಕೇ ಎಚ್ಚರವಾಯಿತು. ಕೆನ್ನೆ ಒದ್ದೆಯಾಗಿತ್ತು, ಗಾಳಿಯಲ್ಲಿ ಉಪ್ಪಿತ್ತು.

ವಾಪಸಿನ ಬೆಳಗ್ಗೆ ಅವರು ಕಂಬಿ ಹಿಡಿದು ನಿಂತವರು ಕಾಫಿಗೂ ಹೋಗಲಿಲ್ಲ. ಮಂಜು. ನೀರು ಯಾವುದು ಆಕಾಶ ಯಾವುದು ತಿಳಿಯದು. ತಂಗಿ ಪಕ್ಕಕ್ಕೆ ಬಂದು ನಿಂತರು. ಮಂಜಿನೊಳಗೆ ಮೊದಲು ಒಂದು ಹಳದಿ ಚುಕ್ಕೆ ಮೂಡಿತು. ಆಮೇಲೆ ಬಲೆಗಳು. ಬಿಳಿ ಕಟ್ಟಡ. ಬಾಗಿದ ತೆಂಗು.

"ಅಲ್ಲೇ ಅದೆ ಕಣಮ್ಮಿ," ಎಂದರು ದೊಡ್ಡತಾಯಮ್ಮ. "ಎಲ್ಲಾ ಅಲ್ಲೇ ಅದೆ."

ಕಾಲೋನಿಗೆ ಬಂದಾಗ ಹಡಗು ಎಲ್ಲಿಗೆ ಹೋಗಿತ್ತು ಎಂದು ಸುನಂದಮ್ಮ ಕೊಂಕಿನಲ್ಲೇ ಕೇಳಿದರು. ಎಲ್ಲಿಗೂ ಇಲ್ಲ ಎಂದು ಇಬ್ಬರೂ ಒಟ್ಟಿಗೆ ಹೇಳಿ ಬೀಗ ತೆಗೆದರು. ಮನೆಯೂ ಇದ್ದಲ್ಲೇ ಇತ್ತು.

ಅದಾಗಿ ತಿಂಗಳೊಳಗೆ ಭೇರ್ಯದಲ್ಲಿ ಸುಂದ್ರಮ್ಮನ ಮಗಳ ಮದುವೆ. ಧಾರೆ ಮುಗಿದು ಸಂಜೆಯಾಯಿತು, ಬಸ್ಸಿನ ಹೊತ್ತಾಯಿತು. ಸೆರಗು ಎಳೆದು ಸೋಲುವುದಕ್ಕೆಂದೇ ಸುಂದ್ರಮ್ಮ ಪಡಸಾಲೆಗೆ ಬಂದರೆ, ದೊಡ್ಡತಾಯಮ್ಮ ಗೋಡೆಗೊರಗಿ ಕಾಲು ನೀಡಿ ಕೂತಿದ್ದರು. ನಾಳೆ ಬೀಗರೂಟಕ್ಕೆ ಕುರಿ ಎಷ್ಟು ಹೊತ್ತಿಗೆ ಕಡಿಯುತ್ತಾರೆ ಎಂದು ವಿಚಾರಿಸಿದರು.

"ಒಂದ್ ಚಾಪೆ ಕೊಡವ್ವ," ಎಂದರು ಆಮೇಲೆ. "ಇಲ್ಲೇ ಮಲೀಕತ್ತೀನಿ."