ಬೆಕ್ಕಿನ ಭುಜ, ಅತ್ತೆಯ ಭುಜ

ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬೆಕ್ಕು ಮಲಗಿತ್ತು. ಮುಖ, ಪಾದಗಳನ್ನು ಬಿಟ್ಟು ಮೈಯೆಲ್ಲ ಚರ್ಮ ಸುಲಿದಿದ್ದರು. ಟೀಚರ್ ಕೈಗವಸಿನ ಡಬ್ಬಿಯನ್ನು ನನ್ನ ಕಡೆ ತಳ್ಳಿ, ನಾಲ್ಕು ಜನರಿಗೆ ಒಂದು ಬೆಕ್ಕು, ಡಿಸೆಂಬರ್‌ವರೆಗೂ ಇದೇ ಬೆಕ್ಕು ಎಂದರು. ಧಾರವಾಡದ ನಮ್ಮ ಮನೆಯೊಳಗೆ ಮೊಟ್ಟೆ ಕೂಡ ಬಂದದ್ದಿಲ್ಲ. ನಾನು ಓದಿದ್ದು ಬಿ.ಕಾಂ. ಅಮೆರಿಕದ ಷಾರ್ಲೆಟ್‌ಗೆ ಬಂದ ಮೇಲೆ ಒಂದು ಸಂಜೆ ಸತ್ತ ಬೆಕ್ಕಿನ ತೊಡೆ ಹಿಡಿದು ನಿಲ್ಲುತ್ತೇನೆಂದು ಯಾವ ಜ್ಯೋತಿಷಿಯೂ ಹೇಳಿರಲಿಲ್ಲ.

ನಮ್ಮಲ್ಲಿ ಪಿಯುಸಿ ಮುಗಿಸಿದವರು ನೇರವಾಗಿ ನರ್ಸಿಂಗ್ ಕಾಲೇಜಿಗೆ ಸೇರುತ್ತಾರೆ. ಮೈಯೊಳಗಿನ ಎಲುಬು, ಸ್ನಾಯು, ನರಗಳನ್ನೆಲ್ಲ ಸೇರಿದ ಮೇಲೆ ಕಲಿಸುತ್ತಾರೆ. ಇಲ್ಲಿ ಅದನ್ನು ಮೊದಲೇ ಕಲಿತು ಬಂದು ಬಾಗಿಲು ತಟ್ಟಬೇಕು. ಜೊತೆಗೆ ರಸಾಯನಶಾಸ್ತ್ರ, ಸೂಕ್ಷ್ಮಜೀವಿಗಳ ಪಾಠ ಬೇರೆ. ಇವಕ್ಕೆ ಪ್ರೀರೆಕ್ವಿಸಿಟ್ ಎನ್ನುತ್ತಾರೆ, ಅಂದರೆ ಸೀಟು ಕೇಳುವುದಕ್ಕೇ ಬೇಕಾದ ಓದು. ಕಡಿಮೆ ಫೀಸಿನಲ್ಲಿ ಊರಿನವರಿಗೆಲ್ಲ ಪಾಠ ಹೇಳುವ ಕಮ್ಯುನಿಟಿ ಕಾಲೇಜಿನಲ್ಲಿ ನಾನು ಅವನ್ನು ಒಂದೊಂದಾಗಿ ಮುಗಿಸುತ್ತಿದ್ದೆ. ಕೊನೆಗೆ ಉಳಿದದ್ದು ಎಲುಬು, ಸ್ನಾಯುಗಳ ಪಾಠವಾದ ಅನಾಟಮಿ; ಆ ಬೆಕ್ಕು ಅದರ ಲ್ಯಾಬಿನದು. ಅದರಲ್ಲಿ ಬಿ ಗ್ರೇಡಿಗಿಂತ ಕೆಳಗೆ ಬಂದರೆ ಅರ್ಜಿಯನ್ನೇ ನೋಡುವುದಿಲ್ಲ.

ಬೆಳಿಗ್ಗೆ ವೃದ್ಧರ ಆರೈಕೆ ಕೇಂದ್ರದಲ್ಲಿ ನನಗೆ ಕೆಲಸ. ಸ್ನಾನ ಮಾಡಿಸುತ್ತೇನೆ, ಗಾಲಿಕುರ್ಚಿಯಲ್ಲಿ ಕೂರಿಸುತ್ತೇನೆ. ಆದರೆ ಯಾರಾದರೂ ಎದೆನೋವು ಎಂದರೆ ಪಕ್ಕಕ್ಕೆ ಸರಿದು ನರ್ಸ್‌ಗೆ ಜಾಗ ಬಿಡಬೇಕು. ಹಾಗೆ ಸರಿದು ಸರಿದು ನನಗೆ ಸಾಕಾಗಿತ್ತು.

ಲ್ಯಾಬ್ ಇರುವುದು ಸಂಜೆ. ಬ್ಯಾಂಕೊಂದರಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ನನ್ನ ಗಂಡನಿಗೆ ಇಂಡಿಯಾದವರ ಜೊತೆ ಮೀಟಿಂಗ್ ಶುರುವಾಗುವುದೂ ಆಗಲೇ. ನಮ್ಮ ಎಂಟು ವರ್ಷದ ಮಗಳು ಅನುವನ್ನು ನೋಡಿಕೊಳ್ಳಲು ಅತ್ತೆ ಧಾರವಾಡದಿಂದ ಬಂದರು. ಸೂಟ್‌ಕೇಸ್ ತುಂಬ ಜೋಳದ ಹಿಟ್ಟು ತಂದರು. ಎರಡೇ ದಿನದಲ್ಲಿ ಇಲ್ಲಿಯ ಒಲೆಯನ್ನು ಪಳಗಿಸಿಕೊಂಡರು. ಬೆಕ್ಕಿನ ಸುದ್ದಿ ಮಾತ್ರ ನಾನು ಅವರ ಮುಂದೆ ಎತ್ತಲಿಲ್ಲ. ಬೆಕ್ಕು ಕೊಂದವರು ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಒಪ್ಪಿಸಬೇಕು ಎನ್ನುವ ಜನ ನಾವು.

ಎತ್ತಿದವಳು ಅನು. ರೊಟ್ಟಿ ಬಡಿಯುತ್ತಿದ್ದ ಅಜ್ಜಿಯ ಪಕ್ಕ ನಿಂತು, "ಅಜ್ಜಿ, ಅಮ್ಮ ಟುಡೇ ಕ್ಯಾಟ್‌ದು ಲೆಗ್ ಕಟ್ ಮಾಡಿದ್ಳು. ಸೋ ಕೂಲ್!" ಎಂದಳು.

ರೊಟ್ಟಿಯ ಸಪ್ಪಳ ನಿಂತಿತು. "ಹೌದೇನ ಸವಿತಾ?" ಎಂದರು ಅತ್ತೆ.

"ಅದು ಮೊದ್ಲ ಸತ್ತಿತ್ರಿ ಅತ್ತಿ. ನಾವೇನ್ ಕೊಂದಿಲ್ಲ."

"ಸತ್ತದ್ದನ್ನ ಕೊಯ್ದ ಕೈಲೆ ನನ್ನ ಮೊಮ್ಮಗಳಿಗೆ ಉಣ್ಣಾಕ ಹಾಕ್ತಿ?"

ಮರುದಿನ ಮಗನಿಗೆ, "ನನ್ನ ಟಿಕೆಟ್ ಲಗೂ ಮಾಡ್ಸಪಾ, ನಾ ಹೋಗ್ತೀನಿ" ಎಂದರು. "ನೀವ್ ನೀವ ಬಗಿಹರಿಸ್ಕೋರಿ" ಎಂದು ಆ ಮಹಾನುಭಾವ ಲ್ಯಾಪ್‌ಟಾಪ್ ಹಿಡಿದು ಕೋಣೆ ಸೇರಿಕೊಂಡರು. ಅತ್ತೆ ಹೊರಟರೆ ಲ್ಯಾಬ್ ತಪ್ಪುತ್ತದೆ, ಲ್ಯಾಬ್ ತಪ್ಪಿದರೆ ಕೋರ್ಸು ಹೋಗುತ್ತದೆ, ಕೋರ್ಸು ಹೋದರೆ ಆ ವರ್ಷದ ಸೀಟಿನ ಆಸೆಯೂ ಹೋದಂತೆ.

ವಾದ ಮಾಡಿ ಗೆಲ್ಲುವ ಹೆಂಗಸಲ್ಲ ಅವರು. ನಾನು ಬೇರೆ ದಾರಿ ಹಿಡಿದೆ. ಊರಲ್ಲಿ ಸಾವಿನ ಮನೆಗೆ ಹೋಗಿ ಬಂದವರು ಹೊರಗೇ ಮೈಮೇಲೆ ನೀರು ಹಾಕಿಸಿಕೊಂಡು ಒಳಗೆ ಬರುತ್ತಾರಲ್ಲ, ಹಾಗೆ ಮಾಡತೊಡಗಿದೆ. ಇಲ್ಲಿ ಅಂಗಳದಲ್ಲಿ ನಿಂತು ತಲೆಗೆ ನೀರು ಸುರಿದುಕೊಂಡರೆ ಅಕ್ಕಪಕ್ಕದವರು ಪೊಲೀಸರನ್ನು ಕರೆದಾರು. ಹಾಗಾಗಿ ಗ್ಯಾರೇಜಿನಲ್ಲಿ ಲ್ಯಾಬಿನ ಬಟ್ಟೆ ಬಿಚ್ಚಿ, ದೊಡ್ಡ ಟವೆಲ್ ಸುತ್ತಿಕೊಂಡು ನೇರ ಬಚ್ಚಲಿಗೆ ಓಡುತ್ತಿದ್ದೆ. ತಲೆಗೆ ನೀರು ಬೀಳುವ ತನಕ ಅಡುಗೆಮನೆಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆ ಎಲ್ಲವನ್ನೂ ಗಮನಿಸಿದರು. ಟಿಕೆಟ್ ಮಾತು ನಿಂತಿತು. ನಾನು ಮಾಡಿದ ಸಾರನ್ನು ಮಾತ್ರ ಮುಟ್ಟಲಿಲ್ಲ.

ಒಂದು ಭಾನುವಾರ ಸ್ನಾಯುಗಳ ಹೆಸರು ಬಾಯಿಪಾಠ ಮಾಡುತ್ತ ಕೂತಿದ್ದೆ. ಹೆಸರು ನಾಲಿಗೆಗೆ ಬರುತ್ತಿತ್ತು, ಯಾವುದು ಎಲ್ಲಿದೆ ಎಂಬುದು ತಲೆಗೆ ಹತ್ತುತ್ತಿರಲಿಲ್ಲ. ಎದುರಿಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಅವರ ತೋಳು, ಭುಜಗಳಲ್ಲಿ ಪುಸ್ತಕದ ಚಿತ್ರವೇ ಏಳುತ್ತ ಇಳಿಯುತ್ತ ಇತ್ತು. ಯೋಚಿಸದೆ ಎದ್ದು ಹೋಗಿ ಅವರ ಭುಜದ ಮೇಲೆ ಬೆರಳಿಟ್ಟೆ.

"ಅತ್ತಿ, ಹಂಗ ತಡೀರಿ. ಕೈ ಸ್ವಲ್ಪ ಎತ್ರಿ."

"ಏನದು?"

"ಇದಕ್ಕ ಡೆಲ್ಟಾಯ್ಡ್ ಅಂತಾರ್ರಿ. ತೋಳು ಹಿಂಗ ಎತ್ತಾಕ ಇದ ಬೇಕು."

ಅವರು ಹಿಟ್ಟಿನ ಕೈ ಎತ್ತಿಕೊಂಡೇ ನನ್ನ ಮುಖ ನೋಡಿದರು. "ಆ ಬೆಕ್ಕಿನ ಮ್ಯಾಲೆ ಯಾಕ ಕಲೀತಿ? ನನ್ನ ಮ್ಯಾಲೆ ಕಲಿ" ಎಂದರು.

ನನಗೆ ಅಳು ಬಂತು. ಅತ್ತೆ ಹಿಟ್ಟಿನ ಕೈಯಲ್ಲೇ ನನ್ನ ಬೆನ್ನ ಮೇಲೊಂದು ಗುದ್ದಿ, "ಮೊದ್ಲ ಸಾರು ಹಾಕು, ಹಸಿವಾಗೇದ" ಎಂದರು. ಅವತ್ತಿನಿಂದ ಊಟವಾದ ಮೇಲೆ ಕುರ್ಚಿಯಲ್ಲಿ ಕೂತು ಕೈ ಚಾಚುತ್ತಿದ್ದರು. ನಾನು ಒತ್ತಿ ಒತ್ತಿ ಹೆಸರು ಹೇಳುತ್ತಿದ್ದೆ, ಅನು ಪುಸ್ತಕ ಹಿಡಿದು "ರಾಂಗ್, ಅಮ್ಮ" ಎನ್ನುತ್ತಿದ್ದಳು. ಅತ್ತೆಯೂ ಬಿಡುತ್ತಿರಲಿಲ್ಲ. "ನಿನ್ನೆ ಇದಕ್ಕ ಬ್ಯಾರೆ ಹೆಸರ ಹೇಳಿದ್ದಿ ನೋಡು."

ಪರೀಕ್ಷೆಯ ದಿನ ಬೆಕ್ಕುಗಳ ಮೈಮೇಲೆ ಅಲ್ಲಲ್ಲಿ ಸಣ್ಣ ಬಾವುಟ ಚುಚ್ಚಿದ್ದರು. ಗಂಟೆ ಹೊಡೆದಾಗಲೆಲ್ಲ ಮುಂದಿನ ಮೇಜಿಗೆ ಸರಿದು ಬಾವುಟ ಕಂಡ ಸ್ನಾಯುವಿನ ಹೆಸರು ಬರೆಯಬೇಕು. ಒಂದು ಬೆಕ್ಕಿನ ಭುಜದಲ್ಲಿ ಮೂರು ಬಾವುಟಗಳಿದ್ದವು. ಅತ್ತೆಯ ಭುಜ ನೆನೆಸಿಕೊಂಡು ಮೂರಕ್ಕೂ ಧೈರ್ಯವಾಗಿ ಡೆಲ್ಟಾಯ್ಡ್ ಎಂದೇ ಬರೆದೆ.

ಟೀಚರ್ ಆಮೇಲೆ ನನ್ನನ್ನು ಕರೆದರು. ಈ ಸೀಮೆಯಲ್ಲಿ ಗುರುತಿಲ್ಲದವರನ್ನೂ ಅಕ್ಕರೆಯಿಂದ "ಹನಿ", ಅಂದರೆ ಜೇನು, ಎನ್ನುತ್ತಾರೆ. ಹನಿ, ಮನುಷ್ಯರಿಗಾದರೆ ನಿನ್ನ ಉತ್ತರ ಸರಿ, ಬೆಕ್ಕಿಗೆ ಅಲ್ಲಿ ಮೂರು ಬೇರೆ ಬೇರೆ ಸ್ನಾಯುಗಳಿವೆ ಎಂದರು. ಯಾರ ಮೇಲೆ ಅಭ್ಯಾಸ ಮಾಡಿದೆ ಎಂದು ಕೇಳಿದರು. ನಮ್ಮ ಅತ್ತೆಯ ಮೇಲೆ ಎಂದೆ. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಅಂಕ ಮಾತ್ರ ಕೊಡಲಿಲ್ಲ. ಕೂದಲೆಳೆಯಲ್ಲಿ ಬಿ ಗ್ರೇಡ್ ಉಳಿಯಿತು. ಮನೆಗೆ ಬಂದು ಹೇಳಿದರೆ ಅತ್ತೆಗೆ ಸಿಟ್ಟು. "ಮತ್ತ ಇಷ್ಟ್ ದಿನ ನನ್ನ ಕುಂದ್ರಿಸಿ ಯಾಕ ತಿವಿದಿ?"

ವೀಸಾದ ಅವಧಿ ಮುಗಿದು ಅತ್ತೆ ಧಾರವಾಡದಲ್ಲಿ ದೊಡ್ಡ ಮಗನ ಮನೆಗೆ ಮರಳಿದರು. ಚಳಿ ಕಳೆದು ಇಲ್ಲಿಯ ಮರಗಳು ಚಿಗುರುವ ಹೊತ್ತಿಗೆ ನನಗೆ ಸೀಟು ಬಂತು. ಫೋನ್ ಮಾಡಿ ಹೇಳಿದೆ. ಓಣಿಗೆಲ್ಲ ಕೇಳುವಂತೆ ಕೂಗಿ ಸಂತೋಷಪಟ್ಟರು. ಆಮೇಲೆ ದನಿ ತಗ್ಗಿಸಿ ಕೇಳಿದರು.

"ನರ್ಸ್ ಕಲಿಯಾಕತ್ತಿ. ನಾಳೆ ನಾನ ಹಾಸ್ಗಿ ಹಿಡದ್ರ ಬರ್ತಿ ಹೌದಲ್ಲೋ?"

"ಬರ್ತೀನ್ರಿ ಅತ್ತಿ."

ಸೀಟು ಒಪ್ಪಿಕೊಳ್ಳಲು ಸಹಿ ಹಾಕಬೇಕಿದ್ದ ನಿಯಮಗಳು ಎದುರಿಗೇ ತೆರೆದಿದ್ದವು. ಆಸ್ಪತ್ರೆಯ ತರಬೇತಿ ತಪ್ಪಿಸುವಂತಿಲ್ಲ, ತಪ್ಪಿಸಿದರೆ ಸೀಟು ಹೋಗುತ್ತದೆ, ಮನೆಯವರ ಕಾಯಿಲೆಗೂ ವಿನಾಯಿತಿ ಇಲ್ಲ. ಫೋನ್ ಇಟ್ಟು ಅದಕ್ಕೆ ಸಹಿ ಹಾಕಿದೆ. ಅತ್ತೆಗೆ ಮಾತನ್ನೂ ಮನಸಾರೆ ಕೊಟ್ಟಿದ್ದೆ, ಸಹಿಯನ್ನೂ ಮನಸಾರೆ ಹಾಕಿದೆ.