ಮಲ್ಲಪ್ಪನವರ ಪಾಸ್‌ವರ್ಡ್

ದೆವ್ವ, ಆತ್ಮ ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗುವವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎಂಬತ್ತರ ದಶಕದ ಕೊನೆಯಲ್ಲಿ ಬೆಳಗಾವಿಯಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು ನೀವೇ ಕೇಳಿ. ಬಗೆಹರಿದರೆ ನನಗೂ ತಿಳಿಸಿ.

ಒಂದು ಕಟ್ಟಿಗೆ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಹಂಗಾಮಿ ನೌಕರಿ ನನ್ನದು. ಖಾನಾಪುರದ ಡಿಪೋ ಕಳಿಸುವ ಸಂದೇಶಗಳನ್ನು ಕಡತಗಳಲ್ಲಿ ಬರೆದಿಡುವ ಸೇವೆಯೊಂದು ಕಂಪ್ಯೂಟರಿನಲ್ಲಿತ್ತು. ನಾನು ಬರೆದ ಸ್ಕ್ರಿಪ್ಟ್, ಅಂದರೆ ಆಜ್ಞೆಗಳ ಸಣ್ಣ ಪಟ್ಟಿ, ದಿನಾ ಬೆಳಿಗ್ಗೆ ಅದನ್ನು ಚಾಲೂ ಮಾಡುತ್ತಿತ್ತು. ಆ ಕಡತಗಳಲ್ಲಿ ಬರೆಯುವ ಅನುಮತಿ ‘ಡಿಪೋ’ ಎಂಬ ಗುಂಪಿಗೆ ಮಾತ್ರ. ಹಾಗಾಗಿ ಸ್ಕ್ರಿಪ್ಟ್ ಮೊದಲು ಆ ಗುಂಪಿಗೆ ಸೇರಬೇಕು. ಸೇರುವಾಗ ಪಾಸ್‌ವರ್ಡ್ ಕೇಳುತ್ತದೆ. ಅದು ಗೊತ್ತಿದ್ದದ್ದು ಖಾನಾಪುರದ ಹಿರಿಯ ಗುಮಾಸ್ತ ಮಲ್ಲಪ್ಪನವರೊಬ್ಬರಿಗೇ. ದಿನಾ ಬೆಳಗಿನ ರೈಲಿಗೆ ಬಂದು, ನನ್ನನ್ನು ಬಾಗಿಲ ಕಡೆ ಮುಖ ಮಾಡಿ ನಿಲ್ಲಿಸಿ, ಒಂದೇ ಬೆರಳಿನಿಂದ ಒತ್ತುತ್ತಿದ್ದರು. "ತಪ್ಪ ತಿಳ್ಕೋಬ್ಯಾಡ ತಮ್ಮಾ, ಡಿಪೋದ ಕೀಲಿಕೈ ನಾ ಯಾರ ಕೈಯಾಗೂ ಕೊಡೂದಿಲ್ಲ" ಎನ್ನುತ್ತಿದ್ದರು. ಎಲ್ಲಾದರೂ ಬರೆದಿಡಿ ಎಂದು ಹೇಳದೆ ಬಿಟ್ಟದ್ದು ನನ್ನ ತಪ್ಪು.

ಒಂದು ಭಾನುವಾರ ಅವರು ಲಿಂಗೈಕ್ಯರಾದರು. ಸೋಮವಾರ ಸೇವೆ ಏಳಲಿಲ್ಲ. ಗುಂಪಿನ ಗೊಡವೆಯಿಲ್ಲದೆ ನೇರವಾಗಿ ಚಾಲೂ ಮಾಡಿದೆ. ಮೊದಲ ಸಂದೇಶ ಬರೆಯಹೋಗಿ, ಅನುಮತಿ ಇಲ್ಲವೆಂದು ನಿಂತುಬಿಟ್ಟಿತು. ಇದನ್ನು ಬಿಡಿಸಬಲ್ಲ ಪುಣೆಯ ಎಂಜಿನಿಯರ್ ಬರುವುದು ಶುಕ್ರವಾರ. ಮ್ಯಾನೇಜರ್ ನನ್ನನ್ನು ಕರೆಸಿದರು. "ನಾಳೆ ಒಂಬತ್ತಕ್ಕ ಚಾಲೂ ಆಗಬೇಕ್ರಿ. ಇಲ್ಲಂದ್ರ ನೀವು ಮತ್ತ ಬರೂದು ಬ್ಯಾಡ." ಮನೆಯಲ್ಲಿ ದುಡಿಯುವವನು ನಾನೊಬ್ಬನೇ.

ಮಂಗಳವಾರ ಏಳಕ್ಕೇ ಹೋಗಿ ಕುಳಿತೆ. ಅವರ ಮಕ್ಕಳ ಹೆಸರು, ಮನೆದೇವರ ಹೆಸರು, ಏನೇನೋ ಒತ್ತಿ ನೋಡಿದೆ. ಒಂದೂ ನಡೆಯಲಿಲ್ಲ. ಒಂಬತ್ತಕ್ಕೆ ಐದು ನಿಮಿಷವಿದ್ದಾಗ ಕೊನೆಯ ಸಲ ಸ್ಕ್ರಿಪ್ಟ್ ಓಡಿಸಿದೆ. ಮತ್ತದೇ ಪ್ರಶ್ನೆ ಬಂತು. ಯಾಕೋ ಏನೋ, ಎದ್ದು ರೂಢಿಯಂತೆ ಬಾಗಿಲ ಕಡೆ ಮುಖ ಮಾಡಿ ನಿಂತೆ.

ಹಿಂದೆ ಕೀಬೋರ್ಡಿನ ಸದ್ದಾಯಿತು. ಒಂದು. ಸ್ವಲ್ಪ ತಡೆದು ಇನ್ನೊಂದು. ಬಾಗಿಲನ್ನೇ ನೋಡುತ್ತ ಒಂದೊಂದನ್ನೂ ಎಣಿಸಿದೆ. ಸದ್ದು ನಿಂತಿತು. ಅಷ್ಟರಲ್ಲಿ ಜವಾನ ಭರಮಣ್ಣ ಚಹಾ ಹಿಡಿದು ಬಾಗಿಲಿಗೆ ಬಂದ. ನನ್ನ ಹೆಗಲ ಮೇಲಿಂದ ಪರದೆ ನೋಡಿ, "ಚಾಲೂ ಆತಲ್ರಿ ಸರ" ಎಂದ.

"ಒಳಗ ಯಾರದಾರ ನೋಡೋ."

"ಯಾರೂ ಇಲ್ರಿ. ನೀವ ಅದೀರಿ."

ಶುಕ್ರವಾರದವರೆಗೆ ಯಂತ್ರವನ್ನು ಆರಿಸಗೊಡಲಿಲ್ಲ. ಎಂಜಿನಿಯರ್ ಬಂದು ನೋಡಿ, "ಸರಿಯಾದ ಪಾಸ್‌ವರ್ಡ್ ಕೊಟ್ಟೇ ಗುಂಪಿಗೆ ಸೇರಿದೆ. ಗೊತ್ತಿದ್ದ ಮೇಲೆ ನನ್ನನ್ನು ಯಾಕೆ ಕರೆಸಿದಿರಿ?" ಎಂದರು. ಆ ಪ್ರಶ್ನೆಯನ್ನೇ ಸ್ಕ್ರಿಪ್ಟಿನಿಂದ ತೆಗೆದುಹಾಕಿರೆಂದು ಕೈಮುಗಿದೆ.

ನೌಕರಿ ಕಾಯಂ ಆಯಿತು. ಅಲ್ಲೇ ನಿವೃತ್ತನಾದೆ. ಅಂದು ಅದನ್ನು ಉಳಿಸಿಕೊಟ್ಟವರು ಯಾರೆಂದು ಒಮ್ಮೆ ತಿರುಗಿ ನೋಡಿದ್ದರೆ ಗೊತ್ತಾಗುತ್ತಿತ್ತು. ನಾನು ತಿರುಗಲಿಲ್ಲ.