ಹಸಿರು ಚುಕ್ಕಿ

ತರಗತಿಯಲ್ಲಿ ಮಕ್ಕಳ ಹುಬ್ಬು ನೋಡಿಯೇ ಲೆಕ್ಕ ತಲೆಗೆ ಹತ್ತಿತೋ ಇಲ್ಲವೋ ಹೇಳುತ್ತಿದ್ದವರು ಗಣಿತದ ಮೇಡಂ. ಈಗ ದೂರಶಿಕ್ಷಣದ ಪಾಠ, ಮಕ್ಕಳ ಮುಖದ ಬದಲು ಪರದೆಯ ತುಂಬ ಬರೀ ಕಪ್ಪು ಚೌಕಗಳು. ಅದರಲ್ಲೂ ಒಬ್ಬ ಹುಡುಗಿ ವರ್ಷವಿಡೀ ತುಟಿ ಬಿಚ್ಚಿಲ್ಲ. ಪರೀಕ್ಷೆ ಬೇರೆ ಹತ್ತಿರ ಬಂತು. ಅವಳಿಗೆ ಏನಾದರೂ ತಿಳಿಯುತ್ತಿದೆಯೇ?

“ಅತ್ತೆ, ಗೋಡೆಗೆ ಪಾಠ ಹೇಳ್ತಿದ್ದೀರಾ?” ಎಂದು ಸೊಸೆ ಛೇಡಿಸಿದಳು.

“ಸುಮ್ನಿರಮ್ಮ, ಆ ಗೋಡೇಲಿ ಕಿಟಕಿ ಹುಡುಕ್ತಿದ್ದೀನಿ.”

ಮೇಡಂ ಅಷ್ಟಕ್ಕೇ ಬಿಡುವವರೇ? ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿ, ಒಮ್ಮೆ ತಮ್ಮನ್ನೇ ಪಾಠದಿಂದ ಹೊರಹಾಕಿಕೊಂಡು, ಕೊನೆಗೆ ಎಲ್ಲರೂ ಒಟ್ಟಿಗೆ ಬರೆಯುವ ಬಿಳಿಹಲಗೆಯೊಂದನ್ನು ಪತ್ತೆಹಚ್ಚಿದರು. ಅದರ ಮೇಲೆ ಒಬ್ಬೊಬ್ಬರ ಬೆರಳೂ ಪಕ್ಕದಲ್ಲಿ ಹೆಸರು ಹೊತ್ತ ಒಂದೊಂದು ಬಣ್ಣದ ಚುಕ್ಕಿಯಾಗಿ ಓಡಾಡುತ್ತಿತ್ತು.

ತ್ರಿಕೋನ ಕೊಟ್ಟು, ಎತ್ತರದ ಗೆರೆ ಎಳೆಯಲು ಹೇಳಿ, ಕಣ್ಣು ಮಿಟುಕಿಸದೆ ಕೂತರು. ಚುಕ್ಕಿಗಳೆಲ್ಲ ಸರಸರ ಗೆರೆ ಎಳೆದು ಮುಗಿಸಿದವು. ಆ ಹುಡುಗಿಯ ಹಸಿರು ಚುಕ್ಕಿ ಮಾತ್ರ ತಳದ ಗೆರೆಯ ಮೇಲೆ ಅತ್ತ ಇತ್ತ ಸುಳಿದಾಡುತ್ತಿತ್ತು.

“ಹಸಿರು ಚುಕ್ಕಿ, ಗೆರೆ ಎಲ್ಲಿಂದ ಹೊರಡಬೇಕು ಅನ್ನೋದೇ ತಿಳೀತಿಲ್ಲ, ಅಲ್ವಾ?”

ಸಣ್ಣ ದನಿಯೊಂದು ಕೇಳಿತು. “ಹೌದು ಮೇಡಂ... ನಾನು ನಿಮಗೆ ಕಾಣ್ತೀನಾ?”

“ನೀನಲ್ಲ ಕಣೇ, ನಿನ್ನ ಬೆರಳು ಕಾಣುತ್ತೆ. ಉಗುರು ಕಚ್ಚೋರ ಥರ ಆಡ್ತಿದೆ. ಮೇಲಿನ ಮೂಲೆಗೆ ಬಾ, ಇಬ್ರೂ ಅಲ್ಲಿಂದ ಇಳಿಯೋಣ.”

ಹಸಿರು ಚುಕ್ಕಿ ಮೆಲ್ಲಗೆ ಮೇಲಕ್ಕೆ ಹೊರಟಿತು.